ಎಸ್‌ಎಂಪಿಎಸ್ ಬಿಚ್ಚಿ ನೋಡಿ ಗುಣಮಟ್ಟ ಅಳೆಯೋದು ಹೇಗೆ?

ದಾವಣಗೆರೆ_ಡಿಟಿಪಿ
ಎಲ್ಲರಿಗೂ ನಮಸ್ಕಾರ. ನನ್ನದು ಚಿಕ್ಕ ಡಿಟಿಪಿ ಅಂಗಡಿ. ಈ ಬೇಸಿಗೆಯಲ್ಲಿ ಒಂದು ಕಂಪ್ಯೂಟರಿನ ಎಸ್‌ಎಂಪಿಎಸ್ (ಲೈನಿನ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಡಿಸಿ ಮಾಡಿಕೊಡುವ ಡಬ್ಬ) ಸುಟ್ಟುಹೋಯಿತು. ಜೊತೆಗೆ ಮದರ್‌ಬೋರ್ಡೂ ಹೋಯಿತು. ಕಂಪನಿ ಹೆಸರು ಇಲ್ಲಿ ಬೇಡ. ಡಬ್ಬದ ಮೇಲೆ 450 ವ್ಯಾಟ್ ಅಂತ ದೊಡ್ಡದಾಗಿ ಬರೆದಿತ್ತು, ಅದನ್ನೇ ನಂಬಿ ತಂದಿದ್ದೆವು.

ಈಗ ನನ್ನ ಹತ್ತಿರ ಅದೇ ಮಾದರಿಯ ಇನ್ನೊಂದು ಇದೆ, ಚೆನ್ನಾಗಿ ಓಡುತ್ತಿದೆ. ಸ್ನೇಹಿತರೊಬ್ಬರು ಬಳಸಿದ 550 ವ್ಯಾಟಿನ ಗೋಲ್ಡ್ (80 ಪ್ಲಸ್ ಅನ್ನುವ ದಕ್ಷತೆಯ ಪರೀಕ್ಷೆಯಲ್ಲಿ ಗೋಲ್ಡ್ ದರ್ಜೆಯದ್ದು) ಒಂದನ್ನು ಕೊಟ್ಟಿದ್ದಾರೆ. ಎರಡಕ್ಕೂ ವಾರಂಟಿ ಇಲ್ಲ, ಹಾಗಾಗಿ ಎರಡನ್ನೂ ಬಿಚ್ಚಿದೆ.

ಮೊದಲನೆಯದರಲ್ಲಿ ಕಂಡದ್ದು: 200 ವೋಲ್ಟ್, 330 ಮೈಕ್ರೋಫ್ಯಾರಡ್‌ನ ಎರಡು ದೊಡ್ಡ ಕೆಪಾಸಿಟರ್. ಹಿಂದೆ 115/230ರ ಕೆಂಪು ಸ್ವಿಚ್. ಬೋರ್ಡಿನ ಮೇಲೆ ಕಾಯಿಲಿನ ಗುರುತು ಅಚ್ಚಾಗಿದೆ, ಆದರೆ ಕಾಯಿಲ್ ಇಲ್ಲ, ಆ ಜಾಗದಲ್ಲಿ ಎರಡು ತಂತಿ ತುಂಡು ಬೆಸೆದಿದ್ದಾರೆ. ಎರಡನೆಯದರಲ್ಲಿ 400 ವೋಲ್ಟ್, 390 ಮೈಕ್ರೋಫ್ಯಾರಡ್‌ನ ಒಂದೇ ಡೊಳ್ಳು ಕೆಪಾಸಿಟರ್ ಇದೆ. ವೈರುಗಳು ಹೊರಡುವ ಕಡೆ ಎರಡು ಪುಟ್ಟ ಬೋರ್ಡು ನೆಟ್ಟಗೆ ನಿಂತಿವೆ.

ಎರಡನೆಯದು ಒಳ್ಳೆಯದು ಅಂತ ಯಾರು ಬೇಕಾದರೂ ಹೇಳುತ್ತಾರೆ. ಯಾಕೆ ಒಳ್ಳೆಯದು, ಏನು ನೋಡಬೇಕು ಅಂತ ನನಗೆ ತಿಳಿಯಬೇಕು. ಮುಂದೆ ಇನ್ನಷ್ಟು ಕೊಳ್ಳುವುದಿದೆ.

ಬೆಸುಗೆಗಾರ
ಮೊದಲು ಒಂದು ಮಾತು. ಬಿಚ್ಚಿದ್ದೀರಿ ಅಂದ್ರಲ್ಲ, ಆ ದೊಡ್ಡ ಕೆಪಾಸಿಟರ್ ಖಾಲಿಯಾಗಿದೆಯಾ ಅಂತ ಮೀಟರ್ ಇಟ್ಟು ನೋಡಿದಿರಾ? ಪ್ಲಗ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ನಿಂತಿರುತ್ತದೆ. ಎರಡನೆಯ ಮಾದರಿಯಲ್ಲಿ ಓಡುವಾಗ 380ರಿಂದ 400 ವೋಲ್ಟ್ ಡಿಸಿ ಇರುತ್ತದೆ. 390 ಮೈಕ್ರೋಫ್ಯಾರಡ್ ಅಂದರೆ ಸುಮಾರು 30 ಜೂಲ್. ಎದೆಯ ಮೂಲಕ ಹಾದುಹೋದರೆ ಪ್ರಾಣಕ್ಕೇ ಅಪಾಯ.

ಸ್ಕ್ರೂಡ್ರೈವರ್ ಇಟ್ಟು ಶಾರ್ಟ್ ಮಾಡೋದು ಬೇಡ. ಕಿಡಿ ಹಾರುತ್ತದೆ, ಬೋರ್ಡಿನ ಗೆರೆ ಸುಟ್ಟುಹೋಗುತ್ತದೆ. ಹೋಲ್ಡರಿಗೆ ಹಾಕಿದ ಹಳೇ 40 ವ್ಯಾಟ್ ಬಲ್ಬಿನ ವೈರನ್ನು ಎರಡು ಕಾಲಿಗೆ ಮುಟ್ಟಿಸಿ, ಆಮೇಲೆ ಡಿಸಿ 1000 ವೋಲ್ಟ್ ರೇಂಜಿನಲ್ಲಿ ಅಳೆಯಿರಿ. ಹತ್ತಕ್ಕಿಂತ ಕೆಳಗೆ ಬಂದ ಮೇಲೆ ಕೈ ಹಾಕಿ. ಇದು ಗೊತ್ತಿಲ್ಲದವರು ಮುಚ್ಚಳ ತೆಗೆಯಲೇಬಾರದು. ಫ್ಯಾನ್ ಜಾಲರಿಯಿಂದ ಟಾರ್ಚ್ ಬಿಟ್ಟು ನೋಡಿದರೂ ಅರ್ಧ ವಿಷಯ ಗೊತ್ತಾಗುತ್ತದೆ.

ದಾವಣಗೆರೆ_ಡಿಟಿಪಿ
ಅಳೆದೇ ಕೈ ಹಾಕಿದ್ದು ಸರ್. ಎರಡೂ 2 ವೋಲ್ಟಿಗಿಂತ ಕಡಿಮೆ ತೋರಿಸಿದವು.

ಗೇಮರ್_ಕುಡ್ಲ
ಇಷ್ಟೆಲ್ಲ ಯಾಕೆ? ಕೈಯಲ್ಲಿ ಎತ್ತಿ ನೋಡಿ. ಭಾರ ಇದ್ದರೆ ಒಳ್ಳೆಯದು, ಹಗುರ ಇದ್ದರೆ ಡಬ್ಬಾ.

ಲ್ಯಾಬ್_ಮೇಡಂ
ಇದನ್ನು ಒಪ್ಪೋದಿಲ್ಲ. ಅಂಗಡಿಯವರು ಹೇಳಿ ಹೇಳಿ ನಿಯಮದ ಹಾಗೆ ಆಗಿಬಿಟ್ಟಿದೆ. ಪ್ಯಾಸಿವ್ ಪಿಎಫ್‌ಸಿ (ಲೈನಿನಿಂದ ಕರೆಂಟ್ ಎಳೆಯುವ ರೀತಿಯನ್ನು ಸರಿಪಡಿಸುವ ಸರಳ ವಿಧಾನ) ಇರುವ ಅಗ್ಗದ ಎಸ್‌ಎಂಪಿಎಸ್‌ನಲ್ಲಿ ಕಬ್ಬಿಣದ ತಿರುಳಿನ ದಪ್ಪ ಕಾಯಿಲ್ ಕೂರಿಸಿರುತ್ತಾರೆ. ಅದೊಂದೇ ಸಾಕು, ಡಬ್ಬ ಭಾರ ಆಗುತ್ತದೆ. ಅದೇ ಈಗಿನ ಎಲ್‌ಎಲ್‌ಸಿ ಅನ್ನೋ, ಶಕ್ತಿ ಕಡಿಮೆ ಪೋಲಾಗುವ ವಿನ್ಯಾಸದ ಒಳ್ಳೆಯ ಯೂನಿಟ್‌ನಲ್ಲಿ ಶಾಖವೇ ಕಡಿಮೆ, ಹೀಟ್ ಸಿಂಕ್ (ಶಾಖ ಹೊರಹಾಕುವ ಲೋಹದ ಪಟ್ಟಿ) ಚಿಕ್ಕದಿದ್ದರೂ ಸಾಕು, ಹಾಗಾಗಿ ಹಗುರ. ತೂಕ ನೋಡಿ ಕೊಂಡರೆ ತಲೆಕೆಳಗಾದ ತೀರ್ಮಾನ ಬರುತ್ತದೆ.

ದಾವಣಗೆರೆಯವರ ಪ್ರಶ್ನೆಗೆ ಬರುತ್ತೇನೆ. ನಾನು ಪಾಲಿಟೆಕ್ನಿಕ್‌ನಲ್ಲಿ ಹುಡುಗರಿಗೆ ಮೊದಲು ತೋರಿಸೋದು ಖಾಲಿ ಜಾಗಗಳನ್ನು. ಬೋರ್ಡಿನ ಮೇಲೆ ಗುರುತು ಇದೆ, ರಂಧ್ರ ಇದೆ, ಬಿಡಿಭಾಗ ಇಲ್ಲ. ವಿನ್ಯಾಸ ಮಾಡಿದ ಇಂಜಿನಿಯರ್ ಅಲ್ಲಿ ಕಾಯಿಲ್ ಬೇಕು ಅಂದಿದ್ದ. ಖರ್ಚು ಉಳಿಸೋಕೆ ಇನ್ಯಾರೋ ತೆಗೆಸಿದ್ದಾರೆ. ನೀವು ಕಂಡ ಆ ಎರಡು ತಂತಿ ತುಂಡು ಅದೇ. ಕೆಪಾಸಿಟರ್ ಯಾವ ದೇಶದ್ದು ಅಂತ ಹುಡುಕೋದಕ್ಕಿಂತ ಇದು ಹೆಚ್ಚು ನಂಬಬಹುದಾದ ಸುಳಿವು.

ಕರೆಂಟ್ ಒಳಗೆ ಬರುವ ದಾರಿಯಲ್ಲಿ ಇರಬೇಕಾದ್ದು ಇಷ್ಟು. ಫ್ಯೂಸ್. ಫೇಸ್ ಮತ್ತು ನ್ಯೂಟ್ರಲ್ ನಡುವೆ ಎಕ್ಸ್ ಕೆಪಾಸಿಟರ್, ಸಾಮಾನ್ಯವಾಗಿ ಹಳದಿ ಚೌಕ ಡಬ್ಬಿ. ಅರ್ಥ್ ಕಡೆಗೆ ವೈ ಕೆಪಾಸಿಟರ್. ಒಂದೆರಡು ಕಾಮನ್ ಮೋಡ್ ಕಾಯಿಲ್. ಈ ಕೆಪಾಸಿಟರ್, ಕಾಯಿಲ್ ಸೇರಿ ಲೈನಿನ ಗದ್ದಲ ಸೋಸುವ ಫಿಲ್ಟರ್. ವೋಲ್ಟೇಜ್ ಹಠಾತ್ತಾಗಿ ಏರಿದರೆ ತಡೆಯುವ ಎಂಒವಿ, ಮತ್ತೆ ಎನ್‌ಟಿಸಿ. ನಿಮ್ಮ ಎರಡರಲ್ಲೂ ಇವು ಇವೆಯಾ ನೋಡಿ ಹೇಳಿ.

ದಾವಣಗೆರೆ_ಡಿಟಿಪಿ
ಮೇಡಂ, ಮೊದಲನೆಯದರಲ್ಲಿ ಒಂದು ಹಳದಿ ಡಬ್ಬಿ, ಎರಡು ನೀಲಿ ಬಿಲ್ಲೆ, ಒಂದು ಹಸಿರು ಬಿಲ್ಲೆ. ನೀಲಿ ಬಿಲ್ಲೆ ಅಂದರೆ ಎಂಒವಿ ತಾನೆ?

ಬೆಸುಗೆಗಾರ
ಬಣ್ಣ ನೋಡಿ ಹೇಳೋಕಾಗಲ್ಲ. ಬಿಲ್ಲೆಯ ಮೇಲಿನ ಅಕ್ಷರ ಓದಿ. 14ಡಿ471ಕೆ ಅಥವಾ 10ಡಿ471ಕೆ ಥರ ಇದ್ದರೆ ಎಂಒವಿ. ಮೊದಲ ಸಂಖ್ಯೆ ಬಿಲ್ಲೆಯ ಅಗಲ ಮಿಲಿಮೀಟರಿನಲ್ಲಿ, 471 ಅಂದರೆ 470 ವೋಲ್ಟ್. 222ಎಂ, 472ಎಂ ಅಂತಿದ್ದು ಜೊತೆಗೆ ವೈ1 ಅಥವಾ ವೈ2 ಇದ್ದರೆ ಅದು ವೈ ಕೆಪಾಸಿಟರ್. 5ಡಿ-11 ಥರ ಇದ್ದರೆ ಎನ್‌ಟಿಸಿ, ಸ್ವಿಚ್ ಒತ್ತಿದ ಕ್ಷಣ ನುಗ್ಗುವ ಕರೆಂಟನ್ನು ತಡೆಯೋದು ಅದರ ಕೆಲಸ. ಒಳ್ಳೆಯ ಯೂನಿಟ್‌ನಲ್ಲಿ ಎನ್‌ಟಿಸಿ ಪಕ್ಕ ಒಂದು ರಿಲೇ ಇರುತ್ತದೆ. ಆನ್ ಮಾಡಿದಾಗ ಟಕ್ ಅಂತ ಸದ್ದು ಬರೋದು ಅದರಿಂದಲೇ.

ದಾವಣಗೆರೆ_ಡಿಟಿಪಿ
ಎರಡೂ ನೀಲಿ ಬಿಲ್ಲೆಯಲ್ಲಿ 222ಎಂ ಅಂತಿದೆ. ಹಸಿರಿನದು 5ಡಿ-11. ಹಾಗಾದರೆ ಮೊದಲನೆಯದರಲ್ಲಿ ಎಂಒವಿ ಇಲ್ಲವೇ ಇಲ್ಲ. ಗೋಲ್ಡ್‌ನಲ್ಲಿ 14ಡಿ471ಕೆ ಇದೆ, ಮೇಲೆ ಕಪ್ಪು ತೋಳು ತೊಡಿಸಿದ್ದಾರೆ. ಎರಡು ಕಾಯಿಲ್ ಇವೆ, ರಿಲೇಯೂ ಇದೆ.

ಮಲೆನಾಡಿಗ
ನಮ್ಮ ಕಡೆ ಎಂಒವಿ ಇಲ್ಲದ್ದನ್ನು ತಂದರೆ ಮೊದಲ ಮಳೆಗೇ ಮುಗೀತು. ಏಪ್ರಿಲ್-ಮೇ ಗುಡುಗಿಗೆ ಎಷ್ಟು ಮೋಡೆಮ್, ಟಿವಿ, ಕಂಪ್ಯೂಟರ್ ಹೋಗಿವೆ ಅಂತ ತೀರ್ಥಹಳ್ಳಿ, ಸಾಗರದ ಕಡೆ ಯಾರನ್ನಾದರೂ ಕೇಳಿ.

ಲ್ಯಾಬ್_ಮೇಡಂ
ನಿಜ, ಆದರೆ ಹತ್ತಿರದಲ್ಲೇ ಸಿಡಿಲು ಬಡಿದರೆ 14 ಮಿಲಿಮೀಟರ್ ಬಿಲ್ಲೆ ಏನೂ ಮಾಡೋಕಾಗಲ್ಲ. ಅದು ಲೈನಿನಲ್ಲಿ ಬರುವ ಸಣ್ಣಪುಟ್ಟ ಏರಿಕೆಗೆ ಮಾತ್ರ. ಮೋಡ ಕವಿದರೆ ಪ್ಲಗ್ ಕೀಳೋದೇ ಸರಿ. ನೆಟ್‌ವರ್ಕ್ ಕೇಬಲ್ ಕೂಡ.

ತುಮಕೂರು_ತಂತ್ರ
ಅರ್ಥಿಂಗ್ ವಿಷಯ ಬಂತು ಅಂತ ಕೇಳ್ತೀನಿ. ನಮ್ಮ ಮನೆ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತೆ. ಎಸ್‌ಎಂಪಿಎಸ್ ಬದಲಾಯಿಸಿದರೂ ಹೋಗಲಿಲ್ಲ. ಹೊಸದರಲ್ಲಿ ಇನ್ನೂ ಜಾಸ್ತಿ ಆಗಿದೆ!

ಬೆಸುಗೆಗಾರ
ಎಸ್‌ಎಂಪಿಎಸ್ ಕೆಟ್ಟಿಲ್ಲ, ನಿಮ್ಮ ಮನೆಯಲ್ಲಿ ಅರ್ಥ್ ಇಲ್ಲ. ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ವೈ ಕೆಪಾಸಿಟರ್ ಲೋಹದ ಡಬ್ಬಕ್ಕೆ ಜೋಡಿಸಿರುತ್ತಾರೆ. ಅರ್ಥ್ ವೈರು ಎಲ್ಲಿಗೂ ಹೋಗದೆ ತೂಗಾಡುತ್ತಿದ್ದರೆ ಡಬ್ಬ ಅರ್ಧ ವೋಲ್ಟೇಜಿನಲ್ಲಿ, ಅಂದರೆ 115ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹರಿಯುವ ಕರೆಂಟ್ ಒಂದು ಮಿಲಿಆಂಪಿಯರಿಗಿಂತ ಎಷ್ಟೋ ಕಡಿಮೆ, ಅದಕ್ಕೇ ಜುಮ್ ಅಂದು ಸುಮ್ಮನಾಗುತ್ತದೆ. ಹೊಸದರಲ್ಲಿ ಫಿಲ್ಟರ್ ಪೂರ್ತಿ ಇದೆ, ಅದರಿಂದ ಜಾಸ್ತಿ.

ಸಾಕೆಟ್‌ನಲ್ಲಿ ಫೇಸ್ ಮತ್ತು ಅರ್ಥ್ ನಡುವೆ ಅಳೆಯಿರಿ. 230ರ ಹತ್ತಿರ ಬರಬೇಕು. ಬರದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ. ಇದನ್ನು ಮುಂದೂಡಬೇಡಿ. ಇವತ್ತು ಜುಮ್ ಅನ್ನೋದು ಕೆಪಾಸಿಟರ್‌ನಿಂದ. ನಾಳೆ ಒಳಗೆ ನಿಜವಾದ ಲೀಕೇಜ್ ಆದರೆ ಕಾಪಾಡೋಕೆ ಅರ್ಥ್ ಒಂದೇ ಇರೋದು.

ಗೇಮರ್_ಕುಡ್ಲ
ವಿಷಯಕ್ಕೆ ಬರೋಣ. ಜಪಾನ್ ಕೆಪಾಸಿಟರ್ ಇದೆಯಾ ಇಲ್ವಾ? ನಿಪ್ಪಾನ್ ಕೆಮಿಕಾನ್, ರೂಬಿಕಾನ್, ನಿಚಿಕಾನ್, ಪ್ಯಾನಸಾನಿಕ್. ಈ ನಾಲ್ಕರಲ್ಲಿ ಒಂದಿದ್ದರೆ ಕಣ್ಣು ಮುಚ್ಚಿ ತಗೊಳ್ಳಿ.

ಹಳೇಪಿಸಿ
ಕಣ್ಣು ಮುಚ್ಚಿ ಅಂದ್ರೆ ಹೇಗೆ ಮಾರಾಯ್ರೆ? ಮುಂದೆ ಒಂದು ಜಪಾನಿನ ದೊಡ್ಡ ಕೆಪಾಸಿಟರ್ ಹಾಕಿ, ಡಬ್ಬದ ಮೇಲೆ ಜಪಾನ್ ಕೆಪಾಸಿಟರ್ ಅಂತ ಬರೆದು, ಹಿಂದಿನ ಔಟ್‌ಪುಟ್ ಕಡೆ ಏನೇನೋ ತುಂಬಿದ್ದನ್ನು ನೋಡಿದ್ದೇನೆ. ಬೇಗ ಸಾಯೋದು ಔಟ್‌ಪುಟ್ ಕಡೆಯ ಚಿಕ್ಕವು. ಬಿಸಿ ಅಲ್ಲೇ, ರಿಪಲ್ (ಡಿಸಿಯಲ್ಲಿ ಉಳಿದುಬಿಡುವ ಏರಿಳಿತ) ಅಲ್ಲೇ.

ತೈವಾನಿನ ಟೀಪೋ, ಎಲೈಟ್ ಕೂಡ ತಣ್ಣಗಿರುವ ಜಾಗದಲ್ಲಿ ವರ್ಷಗಟ್ಟಲೆ ಓಡುತ್ತವೆ. ಹೆಸರಿಗಿಂತ ಕೆಪಾಸಿಟರಿನ ಹೊದಿಕೆಯ ಮೇಲೆ ಬರೆದ ಉಷ್ಣಾಂಶ ನೋಡಿ, 85 ಡಿಗ್ರಿಯಾ 105ಆ ಅಂತ.

ಲ್ಯಾಬ್_ಮೇಡಂ
ಹಳೇಪಿಸಿ ಹೇಳಿದ್ದಕ್ಕೆ ಲೆಕ್ಕ ಸೇರಿಸುತ್ತೇನೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಬಿಸಿ 10 ಡಿಗ್ರಿ ಇಳಿದರೆ ಆಯಸ್ಸು ಎರಡರಷ್ಟಾಗುತ್ತದೆ ಅನ್ನೋದು ಬಳಕೆಯಲ್ಲಿರುವ ಲೆಕ್ಕ. ಎರಡು ಕೆಪಾಸಿಟರ್ ತಗೊಳ್ಳಿ, ಎರಡಕ್ಕೂ 2000 ಗಂಟೆ ಬರೆದಿದೆ. ಒಂದು 105 ಡಿಗ್ರಿಯದ್ದು, ಒಂದು 85ರದ್ದು. ಒಳಗೆ 65 ಡಿಗ್ರಿ ಇದ್ದರೆ ಮೊದಲನೆಯದು 32,000 ಗಂಟೆ, ಎರಡನೆಯದು 8000 ಗಂಟೆ. ವರ್ಷಕ್ಕೆ 8760 ಗಂಟೆ. ಹಗಲೂ ರಾತ್ರಿ ಓಡುವ ಯಂತ್ರದಲ್ಲಿ 85 ಡಿಗ್ರಿಯದ್ದು ಒಂದು ವರ್ಷವೂ ತುಂಬೋದಿಲ್ಲ.

ದಾವಣಗೆರೆಯ ಬೇಸಿಗೆಯಲ್ಲಿ ಅಂಗಡಿಯೊಳಗೇ 38-40 ಡಿಗ್ರಿ ಇರುತ್ತದೆ. ಕ್ಯಾಬಿನೆಟ್ ಒಳಗೆ ಇನ್ನೂ ಹೆಚ್ಚು. 80 ಪ್ಲಸ್ ಪರೀಕ್ಷೆ ಮಾಡೋದು 23 ಡಿಗ್ರಿಯ ಕೋಣೆಯಲ್ಲಿ.

ಗೇಮರ್_ಕುಡ್ಲ
ಅಂದ್ರೆ 80 ಪ್ಲಸ್ ಗೋಲ್ಡ್‌ಗೂ ಬೆಲೆ ಇಲ್ವಾ? ಹಾಗಾದ್ರೆ ಯಾವುದನ್ನು ನಂಬೋದು?

ಲ್ಯಾಬ್_ಮೇಡಂ
ಬೆಲೆ ಇದೆ. ಅದು ಏನನ್ನು ಅಳೆಯುತ್ತದೆ ಅಂತ ತಿಳಿದಿರಬೇಕು. 115 ವೋಲ್ಟ್ ಪರೀಕ್ಷೆಯಲ್ಲಿ ಗೋಲ್ಡ್ ಅಂದರೆ 20, 50, 100 ಶೇಕಡಾ ಲೋಡಿನಲ್ಲಿ 87, 90, 87 ಶೇಕಡಾ ದಕ್ಷತೆ. ಪವರ್ ಫ್ಯಾಕ್ಟರ್ ಕೂಡ ನೋಡುತ್ತಾರೆ. ರಿಪಲ್ ಎಷ್ಟು, ಶಾರ್ಟ್ ಆದರೆ ಆಫ್ ಆಗುತ್ತದಾ, ಬಿಸಿಯಾದರೆ ಏನು ಅಂತ ಆ ಪರೀಕ್ಷೆ ಕೇಳೋದೇ ಇಲ್ಲ. ಆದರೂ ಅಷ್ಟು ದಕ್ಷತೆ ಅಗ್ಗದ ವಿನ್ಯಾಸದಿಂದ ಬರೋದಿಲ್ಲ, ಆ ಮಟ್ಟಿಗೆ ಅದೊಂದು ಸುಳಿವು. ಸ್ಟಿಕರ್ ಸುಳ್ಳೂ ಇರಬಹುದು, ಹಾಗಾಗಿ ಮಾದರಿ ಸಂಖ್ಯೆ 80 ಪ್ಲಸ್ ಪಟ್ಟಿಯಲ್ಲಿದೆಯಾ ನೋಡಿ. ಸೈಬೆನೆಟಿಕ್ಸ್ ಅನ್ನೋ ಪರೀಕ್ಷಾ ಸಂಸ್ಥೆಯ ವರದಿ ಸಿಕ್ಕರೆ ಇನ್ನೂ ಒಳ್ಳೆಯದು. ರಿಪಲ್, ಹೋಲ್ಡ್-ಅಪ್ (ಕರೆಂಟ್ ಹೋದ ಮೇಲೂ ತಡೆದು ನಿಲ್ಲುವ ಹೊತ್ತು), ಪ್ರೊಟೆಕ್ಷನ್ ಎಲ್ಲ ಇರುತ್ತದೆ.

ಹಳೇಪಿಸಿ
2021ರ ಗಿಗಾಬೈಟ್ ಪ್ರಕರಣ ನೆನಪಿದೆಯಾ? ಪಿ750ಜಿಎಂ, ಪಿ850ಜಿಎಂ ಅನ್ನೋ ಎಸ್‌ಎಂಪಿಎಸ್‌ಗಳು. ಎರಡಕ್ಕೂ ಗೋಲ್ಡ್ ಸ್ಟಿಕರ್ ಇತ್ತು. ಗೇಮರ್ಸ್ ನೆಕ್ಸಸ್ ಯೂಟ್ಯೂಬ್ ಚಾನೆಲ್‌ನವರು ಪರೀಕ್ಷೆ ಮಾಡುವಾಗ ಸಿಡಿದವು. ಆಮೇಲೆ ಕಂಪನಿಯೇ ಹೇಳಿಕೆ ಕೊಟ್ಟು, ಓಪಿಪಿ (ಲೋಡ್ ಮಿತಿ ಮೀರಿದರೆ ಕಾಪಾಡುವ ವ್ಯವಸ್ಥೆ) ಆಫ್ ಮಾಡುವ ಮಟ್ಟವನ್ನು 120-150 ಶೇಕಡಾದಿಂದ 110-120ಕ್ಕೆ ಇಳಿಸಿತು. ಬಿಚ್ಚಿ ಫೋಟೋ ತೆಗೆದು ನೋಡಿದ್ದರೆ ಈ ಮಟ್ಟ ಯಾರಿಗೂ ಕಾಣುತ್ತಿರಲಿಲ್ಲ. ಅದಕ್ಕೇ ಬಿಚ್ಚಿ ನೋಡೋದು ಅರ್ಧ ಕೆಲಸ ಅನ್ನೋದು.

ಬೆಸುಗೆಗಾರ
ಅರ್ಧ ಅಂತ ಒಪ್ಪುತ್ತೇನೆ. ಆದರೆ ನಮ್ಮ ಮಾರ್ಕೆಟ್ಟಿನಲ್ಲಿ ಆ ಅರ್ಧದಲ್ಲೇ ಮುಕ್ಕಾಲು ಪಾಲು ಮಾಲು ಫೇಲಾಗುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 450 ವ್ಯಾಟ್ ಅಂತ ಮಾರುವ ಅಗ್ಗದ ಮಾಲಿಗೆ ಸೈಬೆನೆಟಿಕ್ಸ್ ವರದಿ ಎಲ್ಲಿಂದ ತರ್ತೀರಿ? ಕಣ್ಣೇ ಗತಿ.

ದಾವಣಗೆರೆ ಸರ್, ಲೇಬಲ್ಲಿನಲ್ಲಿ 12 ವೋಲ್ಟಿನ ಎದುರು ಎಷ್ಟು ಆಂಪಿಯರ್ ಬರೆದಿದೆ? ಆಮೇಲೆ ಔಟ್‌ಪುಟ್ ಕಡೆ ಹೀಟ್ ಸಿಂಕಿಗೆ ಕಚ್ಚಿಕೊಂಡಿರುವ ಮೂರು ಕಾಲಿನ ಡಯೋಡುಗಳ ನಂಬರ್ ಓದಿ.

ದಾವಣಗೆರೆ_ಡಿಟಿಪಿ
ಮೊದಲನೆಯದು: 12 ವೋಲ್ಟ್, 16 ಆಂಪಿಯರ್. ಡಯೋಡ್ ಮೂರು. 12 ವೋಲ್ಟ್ ಸಾಲಿನ ಹತ್ತಿರದ್ದರ ಮೇಲೆ ಎಫ್12ಸಿ20ಸಿ ಅಂತಿದೆ.
ಗೋಲ್ಡ್: 12 ವೋಲ್ಟ್, 45 ಆಂಪಿಯರ್. ಆ ಥರದ ಡಯೋಡ್ ಎಲ್ಲೂ ಕಾಣಲಿಲ್ಲ.

ಬೆಸುಗೆಗಾರ
ನೋಡಿ, ಇಲ್ಲೇ ಬಣ್ಣ ಬಯಲಾಯಿತು. 12 ಇಂಟು 16 ಅಂದರೆ 192 ವ್ಯಾಟ್. ಈಗಿನ ಕಂಪ್ಯೂಟರಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎಲ್ಲ ಎಳೆಯೋದು 12 ವೋಲ್ಟಿನಿಂದಲೇ. ಲೇಬಲ್ಲೇ ಒಪ್ಪಿಕೊಂಡ ಹಾಗೆ ಇದು 450 ಅಲ್ಲ. ಅದರ ಮೇಲೆ ಆ ಎಫ್12ಸಿ20 ಡಯೋಡ್ 12 ಆಂಪಿಯರಿನದು. ಬರೆದ 16 ಆಂಪಿಯರನ್ನೂ ಅದು ಕೊಡೋಕಾಗಲ್ಲ. ನಿಜಕ್ಕೂ 144 ವ್ಯಾಟ್, ಅದೂ ಡಯೋಡ್ ತಣ್ಣಗಿದ್ದರೆ.

ಗೋಲ್ಡ್‌ನಲ್ಲಿ ಡಯೋಡಿನ ಬದಲು ಮಾಸ್‌ಫೆಟ್ ಅನ್ನೋ ಟ್ರಾನ್ಸಿಸ್ಟರ್ ಬಳಸಿರುತ್ತಾರೆ, ಬೋರ್ಡಿನ ಕೆಳಗೆ ಚಪ್ಪಟೆಯಾಗಿ ಬೆಸೆದಿರುತ್ತವೆ. ಸಿಂಕ್ರೊನಸ್ ರೆಕ್ಟಿಫಿಕೇಶನ್ ಅನ್ನೋದು ಅದನ್ನೇ. 45 ಆಂಪಿಯರ್ ಅಂದರೆ 540 ವ್ಯಾಟ್, ಹೆಸರಿಗೆ ತಕ್ಕ ಹಾಗಿದೆ.

ಲ್ಯಾಬ್_ಮೇಡಂ
ನೆಟ್ಟಗೆ ನಿಂತ ಆ ಪುಟ್ಟ ಬೋರ್ಡುಗಳು ಡಿಸಿ-ಡಿಸಿ ಪರಿವರ್ತಕಗಳು. ಮುಖ್ಯ ಟ್ರಾನ್ಸ್‌ಫಾರ್ಮರ್ 12 ವೋಲ್ಟ್ ಮಾತ್ರ ಮಾಡುತ್ತದೆ, ಅದರಿಂದ 5 ಮತ್ತು 3.3 ಅಲ್ಲಿ ಹುಟ್ಟುತ್ತವೆ. ಹಳೆಯದರಲ್ಲಿ 12 ಮತ್ತು 5 ಎರಡೂ ಒಂದೇ ದೊಡ್ಡ ಉಂಗುರದ ಕಾಯಿಲ್ ಹಂಚಿಕೊಳ್ಳುತ್ತವೆ, 3.3ಕ್ಕೆ ಇನ್ನೊಂದು ಚಿಕ್ಕದು. ಔಟ್‌ಪುಟ್ ಕಡೆ ಇಂಥ ಉಂಗುರ ಎರಡೇ ಇದ್ದರೆ ಗ್ರೂಪ್ ರೆಗ್ಯುಲೇಶನ್ ಅಂತ ತಿಳಿಯಿರಿ. 12ರ ಮೇಲೆ ಭಾರ ಬಿದ್ದು 5 ಖಾಲಿ ಇದ್ದರೆ 12 ಇಳಿಯುತ್ತದೆ, 5 ಏರುತ್ತದೆ. ಹಳೆಯ ಎಟಿಎಕ್ಸ್ (ಕಂಪ್ಯೂಟರಿನ ಎಸ್‌ಎಂಪಿಎಸ್ ಹೇಗಿರಬೇಕು ಅನ್ನೋ ಮಾನದಂಡ) ಪ್ರಕಾರ ಎರಡೂ 5 ಶೇಕಡಾ ಒಳಗಿರಬೇಕು. ರಿಪಲ್ 12ರಲ್ಲಿ 120 ಮಿಲಿವೋಲ್ಟ್, 5 ಮತ್ತು 3.3ರಲ್ಲಿ 50 ದಾಟಬಾರದು. ರಿಪಲ್ ಆಸಿಲೋಸ್ಕೋಪಿಗೆ ಬಿಟ್ಟರೆ ಮಲ್ಟಿಮೀಟರಿಗೆ ಸಿಗೋದಿಲ್ಲ.

ತುಮಕೂರು_ತಂತ್ರ
ಹಸಿರು ವೈರು ಕಪ್ಪು ವೈರು ಸೇರಿಸಿ ಆನ್ ಮಾಡಿ ಮೀಟರ್ ಇಟ್ಟರೆ ಸಾಕಲ್ವಾ? ಎಲ್ಲ ಅಂಗಡಿಯವರೂ ಹಾಗೇ ಮಾಡ್ತಾರೆ.

ಹಳೇಪಿಸಿ
ಅದರಿಂದ ಆನ್ ಆಗುತ್ತದೆ ಅಂತ ಗೊತ್ತಾಗುತ್ತದೆ, ಅಷ್ಟೇ. ಲೋಡ್ ಇಲ್ಲದೆ 12.1 ತೋರಿಸಿದ್ದು ಲೋಡ್ ಬಿದ್ದಾಗ 11.2ಕ್ಕೆ ಕುಸಿಯೋದನ್ನು ಬೇಕಾದಷ್ಟು ನೋಡಿದ್ದೇವೆ.

ದಾವಣಗೆರೆ_ಡಿಟಿಪಿ
ಸುಟ್ಟ ಎಸ್‌ಎಂಪಿಎಸ್ ಮದರ್‌ಬೋರ್ಡನ್ನು ಯಾಕೆ ಸುಟ್ಟಿತು? ಕಂಪ್ಯೂಟರ್ ಆಗ ಆಫ್ ಇತ್ತು, ಗೋಡೆಯ ಸ್ವಿಚ್ ಮಾತ್ರ ಆನ್. ನನಗೆ ಈ ಪ್ರಶ್ನೆಯೇ ನಿದ್ದೆಗೆಡಿಸಿದೆ.

ಬೆಸುಗೆಗಾರ
ಆಫ್ ಇತ್ತು ಅಂದಿರಾ? ಹಾಗಾದರೆ ನನ್ನ ಅನುಮಾನ ಸ್ಟ್ಯಾಂಡ್‌ಬೈ ಮೇಲೆ. ನೇರಳೆ ವೈರಿನ 5 ವೋಲ್ಟ್. ಗೋಡೆಯ ಸ್ವಿಚ್ ಆನ್ ಇರುವಷ್ಟು ಹೊತ್ತೂ ಅದು ಓಡುತ್ತಿರುತ್ತದೆ, ಆದರೆ ಫ್ಯಾನ್ ನಿಂತಿರುತ್ತದೆ. ಹಳೇ ಅಗ್ಗದ ವಿನ್ಯಾಸದಲ್ಲಿ ಅದಕ್ಕೆ ಐಸಿ ಇರೋದಿಲ್ಲ, ಎರಡು ಟ್ರಾನ್ಸಿಸ್ಟರ್ ಸೇರಿ ತಾವೇ ಆಂದೋಲನ ಮಾಡುತ್ತವೆ. ಆ ಸರ್ಕ್ಯೂಟಿನಲ್ಲಿ ಕಡಲೆಬೀಜದ ಗಾತ್ರದ ಒಂದು ಕೆಪಾಸಿಟರ್ ಬಿಸಿ ಭಾಗದ ಪಕ್ಕದಲ್ಲೇ ಕೂತಿರುತ್ತದೆ. ಅದು ಒಣಗಿದರೆ ಹಿಡಿತ ತಪ್ಪಿ 5 ವೋಲ್ಟ್ ಮೇಲಕ್ಕೆ ಏರುತ್ತದೆ. ಮದರ್‌ಬೋರ್ಡಿನ ಚಿಪ್‌ಸೆಟ್ ಹೋಗೋದು ಹೀಗೆ. ಮೇಲಿನಿಂದ ನೋಡಿದರೆ ಆ ಕೆಪಾಸಿಟರ್ ಉಬ್ಬಿರೋದೂ ಇಲ್ಲ.

ಸುಟ್ಟದ್ದನ್ನು ಎಸೆದಿಲ್ಲ ಅಂದ್ರೆ ಚಿಕ್ಕ ಟ್ರಾನ್ಸ್‌ಫಾರ್ಮರ್ ಸುತ್ತಮುತ್ತ ನೋಡಿ. ಬೋರ್ಡ್ ಕಂದು ಬಣ್ಣಕ್ಕೆ ತಿರುಗಿದೆಯಾ?

ದಾವಣಗೆರೆ_ಡಿಟಿಪಿ
ಇದೆ, ಎಸೆದಿಲ್ಲ. ನೀವು ಹೇಳಿದ ಜಾಗದಲ್ಲೇ ಬೋರ್ಡ್ ಕಂದಾಗಿದೆ. ಆ ಚಿಕ್ಕ ಕೆಪಾಸಿಟರಿನ ಕಾಲ ಬಳಿ ಹಳದಿ ಗೋಂದು ಹಾಕಿದ್ದಾರೆ, ಅದು ಗಟ್ಟಿಯಾಗಿ ಕಡುಕಂದು ಆಗಿದೆ.

ಹಳೇಪಿಸಿ
ಆ ಗೋಂದೂ ಖಳನಾಯಕನೇ. ಕೆಲವು ಹಳದಿ ಗೋಂದು ಬಿಸಿಗೆ ಕಂದಾಗಿ ಕರೆಂಟ್ ಹರಿಸೋಕೆ ಶುರುಮಾಡುತ್ತದೆ, ಕಾಲುಗಳನ್ನೂ ತಿನ್ನುತ್ತದೆ. ಓಡುತ್ತಿರುವ ಇನ್ನೊಂದರಲ್ಲೂ ಅದೇ ಗೋಂದು ಇದ್ದರೆ ಇವತ್ತೇ ತೆಗೆದಿಡಿ.

ಮಲೆನಾಡಿಗ
ಬೋರ್ಡಿನ ಹಿಂಭಾಗ ಯಾರೂ ಹೇಳಲಿಲ್ಲ. ತಿರುಗಿಸಿ ಬೆಸುಗೆ ನೋಡಿ ಸರ್. ಕಾಲುಗಳು ಉದ್ದುದ್ದ ಬಿಟ್ಟಿದ್ದಾರಾ, ಬೆಸುಗೆಗೆ ಬಳಸುವ ಅಂಟಂಟು ಫ್ಲಕ್ಸ್ ಉಳಿದಿದೆಯಾ, ಒಂದು ಬೆಸುಗೆ ಪಕ್ಕದ್ದಕ್ಕೆ ತಾಗುವ ಹಾಗಿದೆಯಾ. ನಮ್ಮಂಥ ತೇವದ ಊರಲ್ಲಿ ಆ ಫ್ಲಕ್ಸ್ ಮೇಲೆ ಧೂಳು ಕೂತು ಪಸೆ ಹಿಡಿಯುತ್ತದೆ.

ಲ್ಯಾಬ್_ಮೇಡಂ
ಒಳ್ಳೆ ಮಾತು. ಹಿಂಭಾಗದಲ್ಲಿ ಇನ್ನೊಂದನ್ನೂ ನೋಡಿ. ಕರೆಂಟ್ ಬರುವ ಕಡೆ ಮತ್ತು ಔಟ್‌ಪುಟ್ ಕಡೆ ನಡುವೆ ತಾಮ್ರವಿಲ್ಲದ ಖಾಲಿ ಪಟ್ಟಿ ಇರಬೇಕು. ಅದನ್ನು ದಾಟುವ ಹಕ್ಕು ಟ್ರಾನ್ಸ್‌ಫಾರ್ಮರ್, ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಂಕೇತ ದಾಟಿಸುವ ಚಿಪ್), ವೈ ಕೆಪಾಸಿಟರಿಗೆ ಮಾತ್ರ. ಅಂತರ ಎಲ್ಲಾದರೂ ನಾಲ್ಕೈದು ಮಿಲಿಮೀಟರಿಗಿಂತ ಕಡಿಮೆ ಕಂಡರೆ ಅದನ್ನು ಮನೆಯೊಳಗೆ ಇಟ್ಟುಕೊಳ್ಳಬೇಡಿ.

ಗೇಮರ್_ಕುಡ್ಲ
ಗೋಲ್ಡ್‌ನ 390 ಮೈಕ್ರೋಫ್ಯಾರಡ್ 550 ವ್ಯಾಟಿಗೆ ಸಾಕಾ? ಕೆಲವರು ಕಡಿಮೆ ಅಂತಾರೆ.

ಲ್ಯಾಬ್_ಮೇಡಂ
ಕರೆಂಟ್ ಹೋದ ಮೇಲೆ ಎಷ್ಟು ಹೊತ್ತು ತಡೆಯುತ್ತದೆ ಅಂತ ಲೆಕ್ಕ ಹಾಕೋಣ. 390 ವೋಲ್ಟಿನಿಂದ 300ಕ್ಕೆ ಇಳಿಯುವವರೆಗೆ ಸಿಗುವ ಶಕ್ತಿ ಸುಮಾರು 12 ಜೂಲ್. 550 ವ್ಯಾಟ್ ಕೊಡೋಕೆ 90 ಶೇಕಡಾ ದಕ್ಷತೆಯಲ್ಲಿ 611 ವ್ಯಾಟ್ ಬೇಕು. 12.1 ಭಾಗಿಸು 611, ಸುಮಾರು 20 ಮಿಲಿಸೆಕೆಂಡ್. ಎಟಿಎಕ್ಸ್ ಹಳೆಯ ಮಿತಿ 17. ಎಟಿಎಕ್ಸ್ 3.0ರಲ್ಲಿ ಪೂರ್ತಿ ಲೋಡಿಗೆ 12, 80 ಶೇಕಡಾ ಲೋಡಿಗೆ 17. ಎರಡರಲ್ಲೂ ಪಾಸು. ಅದೇ ಜಾಗದಲ್ಲಿ 220 ಹಾಕಿದ್ದರೆ 11 ಮಿಲಿಸೆಕೆಂಡಿಗೆ ಮುಗಿಯುತ್ತಿತ್ತು. ಕರೆಂಟ್ ಹೋಗಿ ಯುಪಿಎಸ್ ಹಿಡಿದುಕೊಳ್ಳುವ ಆ ಕ್ಷಣದಲ್ಲೇ ಮಷೀನ್ ರೀಸ್ಟಾರ್ಟ್ ಆಗುತ್ತದೆ, ಎಷ್ಟೋ ಜನ ಯುಪಿಎಸ್ ಬೈಯುತ್ತಾರೆ.

ದಾವಣಗೆರೆ_ಡಿಟಿಪಿ
ನಮ್ಮಲ್ಲೂ ಹೀಗೇ ಆಗುತ್ತಿತ್ತು, ಯುಪಿಎಸ್ ಬ್ಯಾಟರಿ ಬದಲಾಯಿಸಿದರೂ!

ಇವತ್ತು ನೋಡಿದ್ದು: ಓಡುತ್ತಿದ್ದ ಮೊದಲನೆಯದರಲ್ಲೂ ಅದೇ ಗೋಂದು, ಅದೇ ಜಾಗ, ಕಂದಾಗಲು ಶುರುವಾಗಿದೆ. ತೆಗೆದಿಟ್ಟೆ. ಹಿಂಭಾಗದಲ್ಲಿ ಫ್ಲಕ್ಸ್ ಹಾಗೇ ಇದೆ. ಗೋಲ್ಡ್‌ನ ಹಿಂಭಾಗ ಚೊಕ್ಕಟವಾಗಿದೆ, ಖಾಲಿ ಪಟ್ಟಿ ಅಗಲವಾಗಿದೆ, ಔಟ್‌ಪುಟ್ ಕಡೆಯ ಕೆಪಾಸಿಟರುಗಳೆಲ್ಲ 105 ಡಿಗ್ರಿ. ಅದನ್ನೇ ಮುಖ್ಯ ಮಷೀನಿಗೆ ಹಾಕಿದೆ. ಫ್ಯಾನ್ ಮಾತ್ರ ಸ್ವಲ್ಪ ಗರಗರ ಅನ್ನುತ್ತದೆ.

ಬೆಸುಗೆಗಾರ
ಫ್ಯಾನ್ ಮೇಲಿನ ಲೇಬಲ್ ಓದಿ, ವೋಲ್ಟ್, ಆಂಪಿಯರ್, ಅಳತೆ ಮೂರೂ ಹೊಂದುವ ಹೊಸದು ಹಾಕಿ. ಬಾಲ್ ಬೇರಿಂಗ್ ಅಥವಾ ಎಫ್‌ಡಿಬಿ (ದ್ರವದ ಪದರದ ಮೇಲೆ ತಿರುಗುವ ಬೇರಿಂಗ್) ಕೇಳಿ, ಸ್ಲೀವ್ ಬೇಡ, ನಿಮ್ಮೂರಿನ ಬಿಸಿಗೆ ಅದು ಬೇಗ ಒಣಗುತ್ತದೆ. ಸುಟ್ಟದ್ದನ್ನು ಗುಜರಿಗೆ ಹಾಕುವ ಮುಂಚೆ ಪವರ್ ಕಾರ್ಡಿನ ಸಾಕೆಟ್ ಮುರಿದು ಹಾಕಿ. ಇಲ್ಲದಿದ್ದರೆ ಒರೆಸಿ, ಸ್ಟಿಕರ್ ಅಂಟಿಸಿ ಮತ್ತೆ ಯಾರಿಗೋ ಮಾರುತ್ತಾರೆ.

ತುಮಕೂರು_ತಂತ್ರ
ನಮ್ಮ ಸಾಕೆಟ್ ಅಳೆದೆ. ಫೇಸ್-ಅರ್ಥ್ ನಡುವೆ 60 ಚಿಲ್ಲರೆ, ಅದೂ ನಿಲ್ಲುತ್ತಿಲ್ಲ. ನಾಳೆ ಎಲೆಕ್ಟ್ರಿಷಿಯನ್ ಬರ್ತಾರೆ.